ಹಸಿರು ಚಾವಣಿಯ ಕೆಳಗೆ ಏನಿದೆ?

ಮಲಬಾರ್ ಹಿಲ್‌ನ ಹ್ಯಾಂಗಿಂಗ್ ಗಾರ್ಡನ್ ನೋಡದ ಮುಂಬೈ ಕನ್ನಡಿಗರು ಕಡಿಮೆ. ಊರಿಂದ ನೆಂಟರು ಬಂದರೆ ಗೇಟ್‌ವೇ, ಮಹಾಲಕ್ಷ್ಮಿ ಗುಡಿ, ಆಮೇಲೆ ಅಲ್ಲಿಗೇ. ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಪೊದೆಗಳ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ಎದುರಿನ ಕಮಲಾ ನೆಹರೂ ಪಾರ್ಕ್‌ನಲ್ಲಿ ಬೂಟಿನ ಮನೆ ತೋರಿಸುತ್ತೇವೆ. ನಾವು ನಿಂತಿರುವುದು ಒಂದು ಚಾವಣಿಯ ಮೇಲೆ ಅಂತ ಮಾತ್ರ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಆ ತೋಟದ ಕೆಳಗೆ ದಕ್ಷಿಣ ಮುಂಬೈಗೆ ನೀರು ಕೊಡುವ ದೊಡ್ಡ ಜಲಾಶಯವಿದೆ. 1880ರ ದಶಕದಲ್ಲಿ ಕಟ್ಟಿದ ಜಲಾಶಯ ಅದು. ಅದನ್ನು ಮುಚ್ಚಿ, ಮೇಲೆ ಮಣ್ಣು ಹರಡಿ, ಹುಲ್ಲು, ಗಿಡ, ಪೊದೆ ಬೆಳೆಸಿದ್ದಾರೆ. ಹಸಿರು ಚಾವಣಿ ಅಂದರೆ ಇದೇ. ಹೊಸ ಫ್ಯಾಷನ್ ಅಂದುಕೊಂಡಿರುವುದು ನಮ್ಮೂರಲ್ಲಿ ನೂರು ವರ್ಷಕ್ಕೂ ಹಳೆಯದು.

ಈಗ ಸೊಸೈಟಿ ಮೀಟಿಂಗ್‌ಗಳಲ್ಲಿ ಟೆರೇಸ್ ತೋಟದ ಮಾತು ಆಗಾಗ ಬರುತ್ತದೆ. ಬಂದ ಕೂಡಲೇ ಕೊನೆಯ ಮಹಡಿಯವರು ಎದ್ದು ನಿಲ್ಲುತ್ತಾರೆ. "ಅಲ್ಲ ಮಾರಾಯ್ರೇ, ಮೇಲೆ ಮಣ್ಣು ಹಾಕಿದ್ರೆ ನಮ್ಮನೆ ಸೋರೂದಿಲ್ವಾ?" ನಮ್ಮ ಬಿಲ್ಡಿಂಗಿನ ಏಳನೇ ಮಹಡಿಯ ಶೆಟ್ಟರು ಕೇಳಿದ್ದೂ ಇದನ್ನೇ. ಉಳಿದವರು ಅವರನ್ನು ಹಸಿರಿನ ವಿರೋಧಿ ಅನ್ನುವ ಹಾಗೆ ನೋಡಿದರು. ನನಗೆ ಅವರ ಪ್ರಶ್ನೆಯೇ ಸರಿ ಅನ್ನಿಸಿತು. ಸಾವಿರಾರು ವರ್ಷಗಳಿಂದ ಚಾವಣಿಯ ಮೇಲೆ ಹುಲ್ಲು ಬೆಳೆಸಿದ ಜನ ಎಲ್ಲರೂ ಮೊದಲು ಕೇಳಿಕೊಂಡ ಪ್ರಶ್ನೆ ಅದು. ಯಾವ ಗಿಡ ಹಾಕೋಣ ಅನ್ನುವುದು ಕಟ್ಟಕಡೆಗೆ ಬರುವ ವಿಷಯ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೋಗುತ್ತದೆ ಅನ್ನುವುದು ಇತ್ಯರ್ಥವಾಗದೆ ಹಸಿರು ಚಾವಣಿಯೇ ಇಲ್ಲ.

ಇದನ್ನು ಅತ್ಯಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದವರು ನಾರ್ವೆಯ ರೈತರು. ಅಲ್ಲಿನ ಹಳೆಯ ಮರದ ಮನೆಗಳ ಫೋಟೊ ನೀವು ನೋಡಿರಬಹುದು. ಇಳಿಜಾರು ಮಾಡು, ಅದರ ಮೇಲೆ ಮೊಣಕಾಲುದ್ದದ ಹುಲ್ಲು, ಕೆಲವು ಕಡೆ ಹುಲ್ಲು ಮೇಯುವ ಆಡು. ನೋಡಿದವರಿಗೆ ಹುಲ್ಲೇ ಮಳೆಯನ್ನು ತಡೆಯುತ್ತದೆ ಅನ್ನಿಸುತ್ತದೆ. ಆದರೆ ಮಳೆ ತಡೆಯುವುದು ಹುಲ್ಲಿನ ಕೆಳಗೆ ಅಡಗಿರುವ ಬರ್ಚ್ ಮರದ ತೊಗಟೆ. ನಮ್ಮ ಹಿಮಾಲಯದ ಭೂರ್ಜಪತ್ರವೂ ಇದೇ ಕುಲದ ಮರದ್ದು. ಹಿಂದೆ ಅದರ ಮೇಲೆ ಗ್ರಂಥಗಳನ್ನು ಬರೆಯುತ್ತಿದ್ದರು. ಈ ತೊಗಟೆಯಲ್ಲಿ ಎಣ್ಣೆ, ಮೇಣದ ಅಂಶ ಜಾಸ್ತಿ. ನೀರು ಇಳಿಯುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಬೇಸಿಗೆ ಶುರುವಿನಲ್ಲಿ ಮರದಲ್ಲಿ ರಸ ಓಡುವಾಗ ತೊಗಟೆ ಸಲೀಸಾಗಿ ಸುಲಿದು ಬರುತ್ತದೆ. ಆಗ ಅದನ್ನು ದೊಡ್ಡ ಹಾಳೆಗಳಾಗಿ ಸುಲಿದು ಇಟ್ಟುಕೊಳ್ಳುತ್ತಿದ್ದರು.

ಹಲಗೆ ಹೊಡೆದ ಮಾಡಿನ ಮೇಲೆ ಈ ಹಾಳೆಗಳನ್ನು ಕೆಳಗಿನ ಅಂಚಿನಿಂದ ಶುರುಮಾಡಿ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಏರಿಸುತ್ತಾ ಹಲವು ಪದರ ಹಾಸುತ್ತಿದ್ದರು. ಮೊಳೆ ಹೊಡೆಯುವಂತಿಲ್ಲ, ಹೊಡೆದರೆ ತೂತು. ಬಿಟ್ಟರೆ ಗಾಳಿಗೆ ಹಾರುತ್ತದೆ, ಬಿಸಿಲಿಗೆ ಸುರುಳಿ ಸುತ್ತುತ್ತದೆ. ಹಾಗಾಗಿ ಮೇಲೆ ಭಾರ ಬೇಕು. ಆ ಭಾರವೇ ಹುಲ್ಲುಹೆಂಟೆ. ಅಂದರೆ ಬೇರು ಮಣ್ಣು ಸಮೇತ ಚೌಕವಾಗಿ ಕತ್ತರಿಸಿ ತೆಗೆದ ಹುಲ್ಲಿನ ತುಂಡು. ಇದನ್ನು ಎರಡು ಪದರವಾಗಿ ಇಡುತ್ತಿದ್ದರು. ಮೊದಲ ಪದರದ ಹುಲ್ಲು ಕೆಳಮುಖ, ಎರಡನೆಯದರ ಹುಲ್ಲು ಮೇಲ್ಮುಖ. ಕೆಳಮುಖವಾದ ಹುಲ್ಲು ಒಣಗಿ, ಹಸಿ ಮಣ್ಣು ನೇರವಾಗಿ ತೊಗಟೆಗೆ ತಾಗದಂತೆ ಮೆತ್ತೆಯಾಗುತ್ತಿತ್ತು. ಎರಡೂ ಪದರಗಳ ಬೇರು ಕ್ರಮೇಣ ಹೆಣೆದುಕೊಂಡು ಇಡೀ ಚಾವಣಿ ಒಂದೇ ಹಾಸು ಆಗುತ್ತಿತ್ತು. ಅದು ಜಾರದಂತೆ ಮಾಡಿನ ಅಂಚಿಗೆ ಉದ್ದಕ್ಕೂ ಒಂದು ಮರದ ದಿಮ್ಮಿ. ಆ ದಿಮ್ಮಿಯ ಹಿಂದೆ ನೀರು ನಿಲ್ಲಬಾರದು ಅಂತ ಅಡಿಯಲ್ಲಿ ಸಂದು.

ಹೀಗೆ ಮಾಡಿದ ಚಾವಣಿಯ ತೂಕ ಚದರ ಮೀಟರಿಗೆ ಸುಮಾರು 250 ಕಿಲೋ. ಚಳಿಗಾಲದಲ್ಲಿ ಹಿಮ ಬಿದ್ದರೆ 400ರಿಂದ 500 ಕಿಲೋವರೆಗೂ ಹೋಗುತ್ತಿತ್ತು. ಅವರು ಆ ಭಾರವನ್ನೂ ಕೆಲಸಕ್ಕೆ ಹಚ್ಚಿದರು. ದಿಮ್ಮಿಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟಿದ ಗೋಡೆ ಮೇಲಿನ ಭಾರಕ್ಕೆ ಒತ್ತಿ ಕೂರುತ್ತಿತ್ತು, ಸಂದುಗಳಲ್ಲಿ ಚಳಿಗಾಳಿ ನುಗ್ಗುತ್ತಿರಲಿಲ್ಲ. ತೊಗಟೆ ಸುಮಾರು 30 ವರ್ಷ ಬಾಳುತ್ತಿತ್ತು. ಆಮೇಲೆ ಎಲ್ಲ ಇಳಿಸಿ ಹೊಸದಾಗಿ ಹಾಸಬೇಕು. ಅದಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೈಜೋಡಿಸುತ್ತಿದ್ದರು, ನಮ್ಮ ಊರುಗಳಲ್ಲಿ ಮನೆಗೆ ಸೋಗೆ ಹೊದಿಸುವಾಗ ಮಾಡುತ್ತಿದ್ದಂತೆಯೇ. ಫರೋ ದ್ವೀಪಗಳ ರಾಜಧಾನಿ ಟೋರ್ಸ್‌ಹಾವ್ನ್‌ನಲ್ಲಿ ಇವತ್ತಿಗೂ ಸರ್ಕಾರಿ ಕಚೇರಿಗಳ ಮೇಲೆ ಹುಲ್ಲಿದೆ. ಐಸ್‌ಲ್ಯಾಂಡ್‌ನಲ್ಲಿ ಮರ ಅಪರೂಪ. ಅಲ್ಲಿ ಗೋಡೆಗೂ ಹೆಂಟೆಯನ್ನೇ ಪೇರಿಸಿದರು. 20ನೇ ಶತಮಾನದ ಶುರುವಿನ ತನಕ ಅಲ್ಲಿನ ಬಹಳ ಜನ ಅಂಥ ಮನೆಗಳಲ್ಲೇ ಬದುಕಿದ್ದರು.

ಇದೇ ಹುಲ್ಲು, ಇದೇ ಮಣ್ಣು ಇದ್ದೂ ತೊಗಟೆ ಇಲ್ಲದಿದ್ದರೆ ಏನಾಗುತ್ತದೆ? ಅದಕ್ಕೆ ಅಮೆರಿಕದ ನೆಬ್ರಾಸ್ಕ, ಕ್ಯಾನ್ಸಸ್ ಬಯಲುಗಳಿಗೆ ಹೋಗಬೇಕು. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಅಲ್ಲೇ ಇದ್ದು ಉತ್ತವರಿಗೆ 160 ಎಕರೆ ಜಮೀನು ಸಿಗುತ್ತಿತ್ತು. ಜನ ಗಾಡಿ ಕಟ್ಟಿಕೊಂಡು ಹೋದರು. ಕಣ್ಣು ಹಾಯಿಸಿದಷ್ಟೂ ಹುಲ್ಲು, ಮರ ಮಾತ್ರ ಇಲ್ಲ. ನೇಗಿಲಲ್ಲಿ ಉದ್ದುದ್ದ ಪಟ್ಟಿಯಾಗಿ ನೆಲವನ್ನು ಎಬ್ಬಿಸಿ, ತುಂಡು ಮಾಡಿ, ಇಟ್ಟಿಗೆಯಂತೆ ಪೇರಿಸಿ ಮನೆ ಕಟ್ಟಿದರು. ಗೋಡೆ ದಪ್ಪ, ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಚಾವಣಿಗೆ ಕಡ್ಡಿ, ಕೊಂಬೆ, ಒಣಹುಲ್ಲು ಹರಡಿ ಅದರ ಮೇಲೆ ಹೆಂಟೆ ಇಟ್ಟರು. ಮಳೆ ಬಂದರೆ ಸೋರಿತು. ಹೊರಗೆ ಮಳೆ ನಿಂತ ಮೇಲೂ ಒಳಗೆ ಕೆಸರು ತೊಟ್ಟಿಕ್ಕುತ್ತಿತ್ತು. ಮಣ್ಣು, ಹುಳ, ಒಮ್ಮೊಮ್ಮೆ ಹಾವು ಕೂಡ ಮೇಲಿಂದ ಬೀಳದಿರಲಿ ಅಂತ ಹೆಂಗಸರು ಚಾವಣಿಯ ಕೆಳಗೆ ತೆಳು ಬಟ್ಟೆ ಕಟ್ಟುತ್ತಿದ್ದರು. ಕೈಯಲ್ಲಿ ದುಡ್ಡು ಆಡಿದ ಕೂಡಲೇ ಹೆಚ್ಚಿನವರು ಬೇರೆ ಚಾವಣಿ ಹಾಕಿಸಿದರು. ನಾರ್ವೆ ಮತ್ತು ನೆಬ್ರಾಸ್ಕ ನಡುವಿನ ವ್ಯತ್ಯಾಸ ಇಷ್ಟೇ, ಹುಲ್ಲಿನ ಕೆಳಗಿನ ಆ ಒಂದು ಪದರ.

ಬ್ಯಾಬಿಲೋನಿನ ತೂಗುತೋಟದ ವರ್ಣನೆಯಲ್ಲೂ ಇದೇ ಕಾಣುತ್ತದೆ. ಆ ತೋಟ ನಿಜವಾಗಿ ಇತ್ತೋ ಇಲ್ಲವೋ ಅಂತ ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ. ಆದರೆ ಗ್ರೀಕ್ ಇತಿಹಾಸಕಾರ ಡಯೋಡೊರಸ್ ಅದರ ಪದರಗಳನ್ನು ಒಂದೊಂದಾಗಿ ಹೇಳುತ್ತಾನೆ. ಡಾಂಬರಿನಲ್ಲಿ ಕೂರಿಸಿದ ಜೊಂಡು, ಅದರ ಮೇಲೆ ಸುಟ್ಟ ಇಟ್ಟಿಗೆಯ ಎರಡು ವರಸೆ, ಅದರ ಮೇಲೆ ಸೀಸದ ತಗಡು, ಆಮೇಲೆ ಮಣ್ಣು. ಮಣ್ಣಿನ ತೇವ ಕೆಳಗೆ ಇಳಿಯಬಾರದು ಅಂತ ಸೀಸ ಹಾಕಿದ್ದು ಅಂತಲೂ ಬರೆದಿದ್ದಾನೆ.

ನಮ್ಮ ದೇಶದಲ್ಲೂ ಇದೆ. ಕಾಶ್ಮೀರದಲ್ಲಿ ಹಿಂದೆ ಮನೆ, ಮಸೀದಿ, ದರ್ಗಾಗಳ ಮೇಲೆ ಭೂರ್ಜದ ತೊಗಟೆ ಹಾಸಿ, ಮೇಲೆ ಮಣ್ಣು ಹರಡುತ್ತಿದ್ದರು. ವಸಂತದಲ್ಲಿ ಆ ಚಾವಣಿಗಳ ಮೇಲೆ ಟ್ಯೂಲಿಪ್, ಐರಿಸ್ ಹೂವು ಅರಳುತ್ತಿದ್ದವು. ನಾರ್ವೆಗೂ ಕಾಶ್ಮೀರಕ್ಕೂ ಎತ್ತಣಿಂದೆತ್ತ ಸಂಬಂಧ? ಆದರೂ ಇಬ್ಬರೂ ಒಂದೇ ಕುಲದ ಮರದ ತೊಗಟೆಗೆ ಬಂದು ನಿಂತರು.

ಇನ್ನು ನಮ್ಮ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಇದಕ್ಕೆ ಪೂರಾ ಉಲ್ಟಾ. ವಿಜಯಪುರ, ಕಲಬುರಗಿ, ರಾಯಚೂರು ಕಡೆಯವರಿಗೆ ಇದು ಗೊತ್ತು. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಚೂರು ಅಥವಾ ಹಲಗೆ, ಬೇವಿನ ಸೊಪ್ಪು, ಆಮೇಲೆ ದಪ್ಪಗೆ ಮಣ್ಣು. ಕೊನೆಯ ಪದರ ಸವಳು ಮಣ್ಣು. ಅದರಲ್ಲಿ ಸೋಡಿಯಂ ಉಪ್ಪು ಜಾಸ್ತಿ. ನೀರು ಬಿದ್ದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಣ್ಣ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ, ಮುಂದಿನ ನೀರು ಮೇಲೇ ಜಾರಿ ಹೋಗುತ್ತದೆ. ಹೊಲಕ್ಕೆ ಶಾಪವಾದ ಮಣ್ಣು ಮಾಳಿಗೆಗೆ ವರ. ಉಪ್ಪಿನ ಕಾರಣ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಎದ್ದರೂ ಕಿತ್ತು ಹಾಕುತ್ತಾರೆ, ಬೇರು ಇಳಿದ ಕಡೆ ನೀರಿಗೆ ದಾರಿ ಆಗುತ್ತದಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ತುಳಿದು ಗಟ್ಟಿ ಮಾಡುವ ಕೆಲಸ ಇದ್ದೇ ಇತ್ತು. ಅಲ್ಲಿ ಕೆಳಗೆ ತೊಗಟೆ ಇಲ್ಲ. ಹಾಗಾಗಿ ಮಣ್ಣೇ ನೀರು ತಡೆಯಬೇಕು, ಹುಲ್ಲಿಗೆ ಜಾಗ ಇಲ್ಲ.

ಆ ಮಾಳಿಗೆ ನಡೆದದ್ದು ಮಳೆ ಕಡಿಮೆ ಇರುವ ಸೀಮೆಯಲ್ಲಿ. ಘಟ್ಟ ಇಳಿದು ಕರಾವಳಿಗೆ, ಕೊಂಕಣಕ್ಕೆ ಬಂದರೆ ಚಪ್ಪಟೆ ಚಾವಣಿ ಕಾಣುತ್ತಿರಲಿಲ್ಲ. ಇಳಿಜಾರು ಮಾಡು, ಮೇಲೆ ಸೋಗೆ ಅಥವಾ ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ಹೆಂಚು ಹಡಗು ಹತ್ತಿ ಮುಂಬೈಗೂ ಬಂತು. ನನಗೆ ಬಹಳ ಇಷ್ಟವಾದ ಸಂಗತಿ ಏನೆಂದರೆ, ಆ ಮಿಷನ್‌ನ ತವರು ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ ಈಗ ಹೊಸ ಚಪ್ಪಟೆ ಚಾವಣಿಗಳ ಮೇಲೆ ಗಿಡ ಬೆಳೆಸುವುದು ಕಾನೂನು. ನಮಗೆ ಹೆಂಚು ಮಾಡಲು ಕಲಿಸಿದ ಊರು ತನ್ನ ಚಾವಣಿಗಳಿಗೆ ಹಸಿರು ಕಡ್ಡಾಯ ಮಾಡಿದೆ.

ಮುಂಬೈ ಈ ಎರಡರ ಮಧ್ಯೆ ಸಿಕ್ಕಿಕೊಂಡಿದೆ. ಮಳೆ ಕೊಂಕಣದ್ದು, ಚಾವಣಿ ಬಯಲುಸೀಮೆಯದ್ದು. ಸಾಂತಾಕ್ರೂಜ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ 2000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತದೆ. 2005ರ ಜುಲೈ 26ರಂದು 24 ಗಂಟೆಯಲ್ಲಿ 944 ಮಿಲಿಮೀಟರ್ ಬಿತ್ತು. ನಾರ್ವೆಯ ಬರ್ಗೆನ್ ಊರಲ್ಲೂ ವರ್ಷಕ್ಕೆ 2000ಕ್ಕಿಂತ ಜಾಸ್ತಿಯೇ ಬೀಳುತ್ತದೆ, ಆದರೆ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ಇಲ್ಲಿ ನಾಲ್ಕು ತಿಂಗಳು ಪ್ರಳಯ, ಎಂಟು ತಿಂಗಳು ಒಣ. ಅದಕ್ಕೇ ನಮ್ಮ ಬಿಲ್ಡಿಂಗುಗಳ ಮೇಲೆ ಕೋಬಾ ಬಂತು. ಇಟ್ಟಿಗೆ ಚೂರುಗಳನ್ನು ಗಾರೆಯಲ್ಲಿ ಕೂರಿಸಿ, ನೀರು ಪೈಪಿನ ಕಡೆ ಹರಿಯುವ ಹಾಗೆ ಇಳಿಜಾರು ಕೊಟ್ಟು, ಮೇಲೆ ಬಿಳಿ ಚೈನಾ ಮೊಸಾಯಿಕ್ ಚೂರು ಒತ್ತುತ್ತಾರೆ. ಅದೂ ಸೋರಿದರೆ ಟೆರೇಸ್ ಪೂರಾ ಪತ್ರಾ ಶೆಡ್. ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದರೆ ನೀಲಿ ತಾಡಪಾಲು, ತಗಡಿನ ಶೆಡ್ಡು, ಅವೇ ಕಾಣುತ್ತವೆ.

ಇವತ್ತಿನ ಹಸಿರು ಚಾವಣಿಯ ಲೆಕ್ಕಾಚಾರವೆಲ್ಲ ಜರ್ಮನಿಯಲ್ಲಿ ಹುಟ್ಟಿದ್ದು, ಅದೂ ಬಹಳ ಮಟ್ಟಿಗೆ ಆಕಸ್ಮಿಕವಾಗಿ. 19ನೇ ಶತಮಾನದ ಕೊನೆಗೆ ಬರ್ಲಿನ್‌ನಲ್ಲಿ ಕಾರ್ಮಿಕರ ವಠಾರಗಳಿಗೆ ಅಗ್ಗದ ಡಾಂಬರು ಕಾಗದದ ಚಾವಣಿ ಹಾಕುತ್ತಿದ್ದರು. ಬೆಂಕಿ ಹತ್ತುವ ಭಯಕ್ಕೆ ಅದರ ಮೇಲೆ ಮರಳು, ಜಲ್ಲಿ ಹರಡಿದರು. ಗಾಳಿಯಲ್ಲಿ ಬೀಜ ಬಂತು, ಹುಲ್ಲು ತಾನಾಗಿ ಎದ್ದಿತು. ಎರಡು ಮಹಾಯುದ್ಧ ಕಳೆದು 1980ರ ದಶಕದಲ್ಲಿ ನೋಡಿದರೆ ಅಂಥ ಕೆಲವು ಚಾವಣಿಗಳು ಇನ್ನೂ ಸೋರದೆ ಗಟ್ಟಿಯಾಗಿದ್ದವು. ಕಾರಣ ಸರಳ. ಡಾಂಬರನ್ನು ಕೆಡಿಸುವುದು ಬಿಸಿಲು, ಮತ್ತು ಹಗಲು ಹಿಗ್ಗಿ ರಾತ್ರಿ ಕುಗ್ಗುವ ಓಲಾಟ. ಮಣ್ಣು ಎರಡನ್ನೂ ತಡೆದಿತ್ತು. ಜ್ಯೂರಿಕ್‌ನ ವೊಲ್ಲಿಸ್‌ಹೋಫೆನ್‌ನಲ್ಲಿ 1914ರಲ್ಲಿ ಕಟ್ಟಿದ ನೀರು ಶುದ್ಧೀಕರಣ ಘಟಕದ ಕಥೆಯೂ ಹೀಗೇ. ಒಳಗೆ ನೀರು ತಂಪಾಗಿರಲಿ, ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ ಚಾವಣಿಗೆ ಮರಳು ಜಲ್ಲಿ ಹಾಕಿ, ಮೇಲೆ ಅಕ್ಕಪಕ್ಕದ ಹೊಲದ ಮಣ್ಣು ಹರಡಿದರು. ಈಗ ಅಲ್ಲಿ ಸುಮಾರು 175 ಜಾತಿಯ ಸಸ್ಯಗಳಿವೆ, ಅಪರೂಪದ ಆರ್ಕಿಡ್‌ಗಳೂ ಸೇರಿ. ಸುತ್ತಲಿನ ಬಯಲಿನಲ್ಲಿ ಕಳೆದುಹೋದ ಹೂವುಗಳು ಆ ಚಾವಣಿಯ ಮೇಲೆ ಉಳಿದವು.

ಈಗ ಪದರಗಳಿಗೆ ಬರೋಣ. ಎಲ್ಲಕ್ಕಿಂತ ಕೆಳಗೆ ಕಾಂಕ್ರೀಟ್ ಸ್ಲ್ಯಾಬ್, ಅದಕ್ಕೆ ನೀರು ಹರಿಯುವ ಇಳಿಜಾರು. ಅದರ ಮೇಲೆ ವಾಟರ್‌ಪ್ರೂಫಿಂಗ್, ಅಂದರೆ ನಮ್ಮ ಕಾಲದ ಬರ್ಚ್ ತೊಗಟೆ. ಇಲ್ಲಿ ಒಂದು ಅಪಾಯವಿದೆ. ಮುಂಬೈನಲ್ಲಿ ಸಾಮಾನ್ಯವಾಗಿ ಅಂಟಿಸುವ ಡಾಂಬರು ಶೀಟ್ ನೀರನ್ನು ತಡೆಯುತ್ತದೆ, ಬೇರನ್ನು ತಡೆಯುವುದಿಲ್ಲ. ಬೇರು ತೇವ ಹುಡುಕಿಕೊಂಡು ಜೋಡಣೆಯ ಸಂದಿನಲ್ಲಿ ನುಗ್ಗುತ್ತದೆ. ಹಾಗಾಗಿ ಅದರ ಮೇಲೆ ಬೇರು ತಡೆಯುವ ಇನ್ನೊಂದು ಪದರ ಬೇಕು, ಸಾಮಾನ್ಯವಾಗಿ ದಪ್ಪ ಪ್ಲಾಸ್ಟಿಕ್ ಹಾಳೆ. ಜರ್ಮನಿಯಲ್ಲಿ ಇಂಥ ಹಾಳೆಗೆ ಸರ್ಟಿಫಿಕೇಟ್ ಕೊಡುವ ಮುಂಚೆ ಅದರ ಮೇಲೆ ಎರಡು ವರ್ಷ ಗಿಡ ಬೆಳೆಸಿ ಪರೀಕ್ಷೆ ಮಾಡುತ್ತಾರೆ. ನಮ್ಮ ಗರಿಕೆಯಂತೆ ನೆಲದೊಳಗೆ ತೆವಳುವ, ಚೂಪು ತುದಿಯ ಒಂದು ಹುಲ್ಲನ್ನೂ ಅದಕ್ಕೆ ಬಳಸುತ್ತಾರೆ.

ಅದರ ಮೇಲೆ ನೀರು ಹರಿದುಹೋಗುವ ಪದರ. ಹಳೆಯ ಕಾಲದಲ್ಲಿ ಜಲ್ಲಿ, ಈಗ ಡ್ರೇನ್ ಸೆಲ್ ಅಂತ ಸಿಗುವ ಕಪ್ಪು ಪ್ಲಾಸ್ಟಿಕ್ ಜಾಲರಿ ಚೌಕಗಳು. ನಾರ್ವೆಯಲ್ಲೂ ಈಗ ತೊಗಟೆ ಬಿಟ್ಟು ಡಾಂಬರು ಹಾಳೆ, ಅದರ ಮೇಲೆ ಗುಬುಟು ಗುಬುಟಾದ ಪ್ಲಾಸ್ಟಿಕ್ ಶೀಟ್ ಹಾಕುತ್ತಾರೆ. ಡ್ರೇನ್ ಸೆಲ್ ಮೇಲೆ ಒಂದು ದಪ್ಪ ಬಟ್ಟೆ. ನೀರು ಇಳಿಯಬೇಕು, ಮಣ್ಣು ಇಳಿಯಬಾರದು, ಅದಕ್ಕೆ. ಆಮೇಲೆ ಮಣ್ಣು. ಕೊನೆಗೆ ಗಿಡ. ಗೋಡೆಯಂಚಿಗೂ ನೀರು ಹೋಗುವ ಬಾಯಿಯ ಸುತ್ತಲೂ ಮಣ್ಣು ಹಾಕದೆ ಒಂದಡಿಯಷ್ಟು ಅಗಲ ಬರೀ ಜಲ್ಲಿ ಬಿಡಬೇಕು. ಆ ಬಾಯಿಯನ್ನು ಮೇಲಿಂದಲೇ ತೆರೆದು ಕೈಹಾಕಿ ಕಸ ತೆಗೆಯುವಂತಿರಬೇಕು. ಇಡೀ ಚಾವಣಿಯಲ್ಲಿ ಅತ್ಯಂತ ಮುಖ್ಯವಾದ ಜಾಗ ಅದೇ ಅಂತ ನಾನು ಹೇಳುತ್ತೇನೆ. ಒಂದು ಪ್ಲಾಸ್ಟಿಕ್ ಚೀಲ, ನಾಲ್ಕು ಬಾದಾಮಿ ಮರದ ಎಲೆ ಸಾಕು ಅದು ಕಟ್ಟಿಕೊಳ್ಳಲು. ಆಷಾಢದ ಮಳೆಗೆ ಅರ್ಧ ಗಂಟೆಯಲ್ಲಿ ಟೆರೇಸ್ ಕೆರೆಯಾಗುತ್ತದೆ.

ಕೆಳಗಿನ ಪದರ ಕೈಕೊಟ್ಟರೆ ಹೇಗಿರುತ್ತದೆ ಅಂತ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಮುಂಬೈ, ಠಾಣೆಯ ಹೊಸ ಟವರ್‌ಗಳಲ್ಲಿ ಕೆಳಗೆ ಮೂರು ನಾಲ್ಕು ಮಹಡಿ ಪಾರ್ಕಿಂಗ್, ಅದರ ಮೇಲೆ ಪೋಡಿಯಂ ಗಾರ್ಡನ್ ಇರುತ್ತದೆ. ಅದೂ ಹಸಿರು ಚಾವಣಿಯೇ. ನಮ್ಮ ಪರಿಚಯದವರೊಬ್ಬರು ಅಂಥ ಟವರ್‌ನಲ್ಲಿದ್ದಾರೆ. ಅವರ ಕಾರಿನ ಬಾನೆಟ್ ಮೇಲೆ ಮಳೆಗಾಲದಲ್ಲಿ ಬಿಳಿ ಬಿಳಿ ಹನಿಕಲೆ ಬೀಳುತ್ತಿತ್ತು. ಎಷ್ಟು ತೊಳೆದರೂ ಹೋಗದು, ಪೇಂಟ್ ಕಚ್ಚಿಕೊಂಡಿತ್ತು. ತಲೆಯೆತ್ತಿ ನೋಡಿದರೆ ಸ್ಲ್ಯಾಬಿನ ಒಂದು ಬಿರುಕಿನ ಉದ್ದಕ್ಕೂ ಬೆರಳುದ್ದದ ಬಿಳಿ ಕಡ್ಡಿಗಳು ಜೋತಾಡುತ್ತಿದ್ದವು. ಕಾಂಕ್ರೀಟಿನ ಮೂಲಕ ಇಳಿಯುವ ನೀರು ಸುಣ್ಣದ ಅಂಶವನ್ನು ಕರಗಿಸಿ ತರುತ್ತದೆ, ಗಾಳಿಗೆ ತಾಗಿದಾಗ ಅದು ಗಟ್ಟಿಯಾಗುತ್ತದೆ. ನೀರು ಎಲ್ಲಿ ಹೊರಬರುತ್ತದೆ ಅಂತ ಕಾಣುತ್ತದೆ, ಎಲ್ಲಿ ಒಳಗೆ ಹೋಗುತ್ತಿದೆ ಅಂತ ಕಾಣುವುದಿಲ್ಲ. ಮೇಲೆ ಎರಡಡಿ ಮಣ್ಣು, ಅದರ ಮೇಲೆ ಲಾನ್, ಮಕ್ಕಳ ಜಾರುಬಂಡೆ. ತೂತು ಹುಡುಕಲು ತೋಟವನ್ನೇ ಅಗೆದರು.

ಹಾಗಾಗಿ ಮಣ್ಣು ಹಾಕುವ ಮುಂಚೆ ನೀರು ನಿಲ್ಲಿಸಿ ನೋಡುವ ಪರೀಕ್ಷೆಯನ್ನು ಯಾರೂ ಬಿಡಬಾರದು. ಪೈಪಿನ ಬಾಯಿ ಮುಚ್ಚಿ, ಟೆರೇಸಿನಲ್ಲಿ ಕೆಲವು ಇಂಚು ನೀರು ತುಂಬಿಸಿ, ಹಲವು ದಿನ ಹಾಗೇ ಬಿಟ್ಟು, ಕೆಳಗಿನ ಮನೆಗಳ ಸೀಲಿಂಗ್ ನೋಡಬೇಕು. ಕಾಂಟ್ರಾಕ್ಟರ್ "ಬೇಡ ಸಾರ್, ಗ್ಯಾರಂಟಿ ಇದೆ" ಅಂದರೆ ಇನ್ನೂ ಗಟ್ಟಿಯಾಗಿ ಹಟ ಹಿಡಿಯಬೇಕು. ಗ್ಯಾರಂಟಿ ಕಾಗದ ಮಣ್ಣು ಎತ್ತುವುದಿಲ್ಲ.

ಎರಡನೇ ವಿಷಯ ಭಾರ. ಇದರ ಲೆಕ್ಕ ಕಷ್ಟವಲ್ಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್, ಒಂದು ಕಿಲೋ. ಕಟ್ಟಡ ಎಷ್ಟು ಭಾರ ಹೊರಬೇಕು ಅಂತ ಹೇಳುವ ನಮ್ಮ ಐಎಸ್ 875 ಮಾನದಂಡದ ಪ್ರಕಾರ ಜನ ಓಡಾಡುವ ಚಪ್ಪಟೆ ಚಾವಣಿಯನ್ನು ತನ್ನ ಸ್ವಂತ ತೂಕದ ಮೇಲೆ ಚದರ ಮೀಟರಿಗೆ ಸುಮಾರು 150 ಕಿಲೋ ಹೊರುವಂತೆ ಲೆಕ್ಕ ಹಾಕುತ್ತಾರೆ. ನರ್ಸರಿಯ ಕೆಂಪು ಮಣ್ಣನ್ನು ಒಂದಡಿ ಹರಡಿದರೆ, ನೆನೆದಾಗ ಅದು 500 ಕಿಲೋ ದಾಟುತ್ತದೆ. ಹಳೆ ಕಟ್ಟಡಕ್ಕೆ ಅದು ಸಾಧ್ಯವೇ ಇಲ್ಲ. ಅದಕ್ಕೇ ಜರ್ಮನಿಯವರು ಎರಡು ದಾರಿ ಮಾಡಿದರು. ಒಂದು, ಹತ್ತು ಸೆಂಟಿಮೀಟರ್ ಆಸುಪಾಸಿನ ತೆಳು ಚಾವಣಿ. ನೆನೆದಾಗಲೂ ಚದರ ಮೀಟರಿಗೆ 60ರಿಂದ 150 ಕಿಲೋ. ಯಾರೂ ಓಡಾಡುವುದಿಲ್ಲ, ನೀರು ಗೊಬ್ಬರ ಹೆಚ್ಚು ಕೇಳುವುದಿಲ್ಲ. ಇನ್ನೊಂದು, ಪೊದೆ, ಮರ, ಬೆಂಚು ಎಲ್ಲ ಇರುವ ದಪ್ಪ ತೋಟ. ಅದು ಮೊದಲೇ ಲೆಕ್ಕ ಹಾಕಿ ಕಟ್ಟಿದ ಸ್ಲ್ಯಾಬಿಗೆ ಮಾತ್ರ.

ತೆಳು ಚಾವಣಿಯಾದರೂ ಸುಮ್ನೆ ಅಲ್ಲ. 300 ಚದರ ಮೀಟರ್ ಟೆರೇಸ್, ಮೀಟರಿಗೆ 120 ಕಿಲೋ ಅಂದರೆ 36 ಟನ್. ಮುಂಬೈನ ಹಳೆಯ ಬಿಲ್ಡಿಂಗುಗಳಲ್ಲಿ ಇನ್ನೊಂದು ತೊಡಕಿದೆ. ಪ್ರತಿ ಸಲ ಸೋರಿದಾಗ ಹಳೆ ಕೋಬಾ ಕೀಳದೆ ಅದರ ಮೇಲೆಯೇ ಹೊಸ ಕೋಬಾ ಹಾಕಿರುತ್ತಾರೆ. ಒಂದೊಂದು ಪದರವೂ ಮೀಟರಿಗೆ 200 ಕಿಲೋ ಹತ್ತಿರ ತೂಗುತ್ತದೆ. ತೋಟಕ್ಕೆ ಉಳಿದಿದ್ದ ಶಕ್ತಿಯನ್ನು ರಿಪೇರಿಯೇ ತಿಂದುಹಾಕಿರುತ್ತದೆ. ಜೊತೆಗೆ ಸಮುದ್ರದ ಉಪ್ಪುಗಾಳಿಗೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿರಬಹುದು. 30 ವರ್ಷ ದಾಟಿದ ಕಟ್ಟಡಕ್ಕೆ ಇಲ್ಲಿ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿಯಾಗಿದೆ ಅನ್ನುವ ಪರೀಕ್ಷೆ, ಹೇಗೂ ಕಡ್ಡಾಯ. ಅದನ್ನು ಮಾಡುವ ಇಂಜಿನಿಯರ್ ಹತ್ತಿರವೇ ಈ ಪ್ರಶ್ನೆಯನ್ನೂ ಕೇಳಿ, ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಬೇಕು. ಹಳೆ ಕೋಬಾ ಪೂರಾ ಕಿತ್ತು ಹಗುರವಾದ ವಾಟರ್‌ಪ್ರೂಫಿಂಗ್ ಮಾಡಿದರೆ ಎಷ್ಟೋ ಕಡೆ ತೆಳು ಹಸಿರಿಗೆ ಜಾಗ ಸಿಗುತ್ತದೆ.

ಮಣ್ಣು ಅಂದೆನಲ್ಲ, ಬರೀ ಹೊಲದ ಮಣ್ಣು ಇಲ್ಲಿಗೆ ಒಗ್ಗುವುದಿಲ್ಲ. ಜೇಡಿ ಜಾಸ್ತಿ ಇರುವ ಕೆಂಪು ಮಣ್ಣು ಮೇ ತಿಂಗಳಲ್ಲಿ ಗಟ್ಟಿ ಹೆಂಟೆಯಾಗುತ್ತದೆ, ಜುಲೈಯಲ್ಲಿ ಕೆಸರಾಗಿ ಕೆಳಗಿನ ಬಟ್ಟೆಯನ್ನು ಮುಚ್ಚಿಬಿಡುತ್ತದೆ. ಇಟ್ಟಿಗೆ ಪುಡಿ, ಜಂಬಿಟ್ಟಿಗೆ ಚೂರು, ಸ್ವಲ್ಪ ತೆಂಗಿನ ನಾರಿನ ಪುಡಿ, ಸ್ವಲ್ಪ ಕಾಂಪೋಸ್ಟ್ ಸೇರಿಸಿದ ಮಿಶ್ರಣ ಹಗುರ, ನೀರೂ ಬಿಡುತ್ತದೆ. ತರಕಾರಿ ಬೆಳೆಯುವವರ ದಾರಿ ಬೇರೆ. ಮುಂಬೈ ಪೋರ್ಟ್ ಟ್ರಸ್ಟ್‌ನ ಅಡುಗೆಮನೆಯ ಟೆರೇಸಿನಲ್ಲಿ 2000ದ ದಶಕದ ಶುರುವಿನಿಂದ ಅಡುಗೆಮನೆ ಕಸ, ಒಣ ಎಲೆಗಳಿಂದಲೇ ಹಗುರ ಗೊಬ್ಬರ ಮಾಡಿ ಹಣ್ಣು ತರಕಾರಿ ಬೆಳೆದರು. ಅದು ಒಳ್ಳೆಯ ಮಾದರಿ. ಆದರೆ ಎಲೆಗೊಬ್ಬರ ಕರಗಿ ಕುಸಿಯುತ್ತದೆ, ಆಗಾಗ ತುಂಬುತ್ತಿರಬೇಕು. ದಿನಾ ಕೈಯಾಡಿಸುವ ಜನ ಇರುವ ಕಡೆಗೆ ಮಾತ್ರ ಅದು ಸರಿ.

ಗಿಡದ ವಿಷಯದಲ್ಲಿ ಯುರೋಪಿನ ಕ್ಯಾಟಲಾಗ್ ನೋಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಅಲ್ಲಿ ಎಲ್ಲೆಲ್ಲೂ ಸೀಡಮ್. ದಪ್ಪ ಎಲೆಯ, ನೀರು ಕೂಡಿಡುವ, ಚಳಿ ತಡೆಯುವ ಗಿಡ. ನಮ್ಮ ಜುಲೈ ಮಳೆಗೆ ಅದರ ಬೇರು ಕೊಳೆಯುತ್ತದೆ. ನಮಗೆ ಮಾದರಿ ಬೇಕಾದರೆ ಸಾತಾರಾ ಹತ್ತಿರದ ಕಾಸ್ ಪಠಾರಕ್ಕೆ, ಅಂದರೆ ಘಟ್ಟದ ಮೇಲಿನ ಚಪ್ಪಟೆ ಬಯಲಿಗೆ, ಹೋಗಬೇಕು. 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ. ಜಂಬಿಟ್ಟಿಗೆ ಬಂಡೆಯ ಮೇಲೆ ತೀರಾ ತೆಳುವಾದ ಮಣ್ಣು, ಅಷ್ಟರಲ್ಲೇ 850ಕ್ಕೂ ಹೆಚ್ಚು ಜಾತಿಯ ಹೂಗಿಡಗಳು. ಮಳೆಗಾಲದಲ್ಲಿ ಮಣ್ಣು ನೀರಲ್ಲಿ ಮುಳುಗಿರುತ್ತದೆ, ಸೆಪ್ಟೆಂಬರಿನಲ್ಲಿ ನೇರಳೆ, ಹಳದಿ, ಬಿಳಿ ಹೂವಿನ ಹಾಸು, ಡಿಸೆಂಬರ್ ಹೊತ್ತಿಗೆ ಒಣಹುಲ್ಲು. ರತ್ನಾಗಿರಿಯಿಂದ ಗೋವಾ ತನಕ ಇರುವ ಸಡಾಗಳಲ್ಲೂ, ಅಂದರೆ ಜಂಬಿಟ್ಟಿಗೆ ಬಂಡೆಯ ಬಯಲುಗಳಲ್ಲೂ, ಇದೇ ಕ್ರಮ. ಕಾಂಕ್ರೀಟ್ ಸ್ಲ್ಯಾಬಿನ ಮೇಲಿನ ಹತ್ತು ಸೆಂಟಿಮೀಟರ್ ಮಣ್ಣಿಗೂ ಈ ಪಠಾರಕ್ಕೂ ಬದುಕಿನ ರೀತಿ ಒಂದೇ. ಕಾಸ್‌ನ ತಂಪು ಇಲ್ಲಿಲ್ಲ, ಅಲ್ಲಿನ ಗಿಡಗಳನ್ನೇ ಕಿತ್ತು ತರುವುದು ಅಪರಾಧ ಕೂಡ. ಕಲಿಯಬೇಕಾದದ್ದು ಅದರ ವರ್ಷದ ಓಟವನ್ನು.

ಅಂದರೆ ಮುಂಬೈನ ಹಸಿರು ಚಾವಣಿ ಜೂನ್‌ನಿಂದ ನವೆಂಬರ್ ತನಕ ಹಸಿರು, ಆಮೇಲೆ ಕಂದು. ಇದನ್ನು ಒಪ್ಪಿಕೊಳ್ಳದವರು ಲಾನ್ ಹಾಸಿ ಟ್ಯಾಂಕರ್ ನೀರು ಸುರಿಯುತ್ತಾರೆ. ಕುಡಿಯುವ ನೀರು ದಿನಕ್ಕೆ ಕೆಲವೇ ಗಂಟೆ ಬರುವ ಊರಲ್ಲಿ ಅದು ನನಗೆ ಸರಿ ಕಾಣುವುದಿಲ್ಲ. ಗರಿಕೆ ಒಣಗಿದಂತೆ ಕಂಡರೂ ಸಾಯುವುದಿಲ್ಲ, ಮೊದಲ ಮಳೆಗೆ ಚಿಗುರುತ್ತದೆ, ಚೌತಿ ಹೊತ್ತಿಗೆ ಪೂಜೆಗೂ ಆಗುತ್ತದೆ. ದೊಡ್ಡಪತ್ರೆ, ಲೋಳೆಸರ, ಟೇಬಲ್ ರೋಸ್ ತೆಳು ಮಣ್ಣಿನಲ್ಲಿ ಹಟ ಹಿಡಿದು ಬದುಕುತ್ತವೆ. ಬಸಳೆ ಬೇಕೇ ಬೇಕು ಅನ್ನುವವರು ಅದನ್ನು ಸ್ಲ್ಯಾಬಿನ ಕೆಳಗೆ ಕಟ್ಟಡದ ಕಂಬ ಇರುವ ಜಾಗದಲ್ಲಿ, ದೊಡ್ಡ ಡ್ರಮ್ಮಿನಲ್ಲಿ ಹಾಕಿಕೊಳ್ಳಬೇಕು.

ಕರೆಯದೆ ಬರುವ ಗಿಡವೊಂದಿದೆ, ಅರಳಿ. ಮುಂಬೈನ ಹಳೆ ಕಟ್ಟಡಗಳ ಗೋಡೆ, ಪೈಪು, ಪ್ಯಾರಪೆಟ್‌ಗಳ ಸಂದಿನಲ್ಲಿ ನೋಡಿ, ಅರಳಿ ಅಥವಾ ಆಲದ ಸಸಿ ಇದ್ದೇ ಇರುತ್ತದೆ. ಹಣ್ಣು ತಿಂದ ಕಾಗೆ, ಬುಲ್‌ಬುಲ್, ಬಾವಲಿಗಳ ಹಿಕ್ಕೆಯಲ್ಲಿ ಬೀಜ ಬರುತ್ತದೆ. ಎರಡು ಎಲೆ ಇದ್ದಾಗ ಎರಡು ಬೆರಳಲ್ಲಿ ಕೀಳಬಹುದು. ಬಿಟ್ಟರೆ ಬೇರು ಕಾಂಕ್ರೀಟನ್ನೇ ಸೀಳುತ್ತದೆ. ಹಸಿರು ಚಾವಣಿಗೆ ನೋಡಿಕೊಳ್ಳುವ ಕೆಲಸವೇ ಇಲ್ಲ ಅಂತ ಮಾರುವವರು ಈ ಮಾತನ್ನು ಹೇಳುವುದಿಲ್ಲ.

ಇಷ್ಟೆಲ್ಲ ಮಾಡಿ ಸಿಗುವುದೇನು? ತಂಪು ಖಂಡಿತ. ಒಂದು ಲೀಟರ್ ನೀರು ಆವಿಯಾಗುವಾಗ ಒಂದು ಯೂನಿಟ್ ಕರೆಂಟಿನ ಮೂರನೇ ಎರಡು ಭಾಗದಷ್ಟು ಶಾಖವನ್ನು ಎಳೆದುಕೊಳ್ಳುತ್ತದೆ. ಎಲೆಗಳು ಮಾಡುವುದು ಇದನ್ನೇ. ಮೇ ತಿಂಗಳಲ್ಲಿ ಗಿಡ ಒಣಗಿದ್ದರೂ ಮಣ್ಣಿನ ಹೊದಿಕೆ ಬಿಸಿಲು ನೇರವಾಗಿ ಸ್ಲ್ಯಾಬಿಗೆ ತಾಗದಂತೆ ನೋಡಿಕೊಳ್ಳುತ್ತದೆ. ಆದರೆ ಬೇಕಾಗಿರುವುದು ತಂಪು ಮಾತ್ರ ಅಂದರೆ ಬಿಳಿ ಬಣ್ಣ ಬಳಿಯಿರಿ, ಅದು ತುಂಬಾ ಅಗ್ಗ. ನೆರೆ ತಡೆಯುತ್ತದೆ ಅನ್ನುವ ಮಾತನ್ನು ನಾನು ಅಷ್ಟು ನಂಬುವುದಿಲ್ಲ. ತೆಳು ಚಾವಣಿ ಮೊದಲ ಮಳೆಯನ್ನು ಹೀರುತ್ತದೆ. ಜುಲೈ ಹೊತ್ತಿಗೆ ಅದು ನೆನೆದು ಕೂತಿರುತ್ತದೆ, ಬಿದ್ದಷ್ಟೂ ನೀರು ಸ್ವಲ್ಪ ತಡವಾಗಿ ಕೆಳಗೆ ಬರುತ್ತದೆ, ಅಷ್ಟೇ. ವಾಟರ್‌ಪ್ರೂಫಿಂಗ್ ಹೆಚ್ಚು ಕಾಲ ಬಾಳುವುದು ಮಾತ್ರ ನಿಜವಾದ ಲಾಭ. ಮಣ್ಣಿನ ಕೆಳಗಿರುವ ಹಾಳೆ ಬಿಸಿಲಲ್ಲಿರುವ ಹಾಳೆಗಿಂತ ಎರಡು ಪಟ್ಟು ಬಾಳುತ್ತದೆ ಅನ್ನುವುದು ಜರ್ಮನಿಯ ಅನುಭವ. ಅದಲ್ಲದೆ ಚಿಟ್ಟೆ, ಜೇನು, ಗುಬ್ಬಿಗೆ ಕಾಂಕ್ರೀಟ್ ಮಧ್ಯೆ ಒಂದು ತಂಗುದಾಣ. ಇದನ್ನು ರೂಪಾಯಿಯಲ್ಲಿ ಹೇಳಲು ನನಗೆ ಬರುವುದಿಲ್ಲ, ಆದರೆ ನನ್ನ ಮಟ್ಟಿಗೆ ಅದೇ ದೊಡ್ಡದು.

ಬೆಲೆ ತೆರಬೇಕಾದ ದಿನವೂ ಬರುತ್ತದೆ. ಮಲಬಾರ್ ಹಿಲ್ ಜಲಾಶಯ ಹಳೆಯದಾಯಿತು, ಹೊಸದಾಗಿ ಕಟ್ಟಬೇಕು ಅಂತ 2023ರಲ್ಲಿ ಪಾಲಿಕೆ ಹೊರಟಾಗ ತೋಟ ಅಗೆಯಬೇಕು, ಮರ ಕಡಿಯಬೇಕು ಅನ್ನುವ ಮಾತು ಬಂತು. ಅಲ್ಲಿನ ಜನ ವಿರೋಧಿಸಿದರು, ತಜ್ಞರ ಸಮಿತಿ ಬಂತು. ಕೆಳಗಿರುವುದನ್ನು ಉಳಿಸಬೇಕೋ ಮೇಲಿರುವುದನ್ನೋ ಅನ್ನುವ ಈ ಜಗಳ ಪ್ರತಿ ಹಸಿರು ಚಾವಣಿಗೂ ಒಂದಲ್ಲ ಒಂದು ದಿನ ಬರುವಂಥದ್ದು. ನಾರ್ವೆಯ ರೈತನಿಗೆ 30 ವರ್ಷಕ್ಕೊಮ್ಮೆ ಎಲ್ಲ ಇಳಿಸಬೇಕು ಅಂತ ಮೊದಲೇ ಗೊತ್ತಿತ್ತು. ಸೊಸೈಟಿಯವರೂ ಅದಕ್ಕೆ ಫಂಡ್ ತೆಗೆದಿಡಬೇಕು. ಟೆರೇಸನ್ನು ಭಾಗ ಭಾಗ ಮಾಡಿ, ಒಂದು ಭಾಗ ಎತ್ತಿದರೆ ಇನ್ನೊಂದು ಉಳಿಯುವಂತೆ ಹಾಕಿದರೆ ಎಷ್ಟೋ ಸಲೀಸು.

ಮಾಡುವುದಾದರೆ ತಿಂಗಳ ಲೆಕ್ಕ ಹೀಗಿಟ್ಟುಕೊಳ್ಳಿ. ದೀಪಾವಳಿ ಕಳೆದ ಮೇಲೆ ಇಂಜಿನಿಯರ್, ಆಡಿಟ್. ಜನವರಿ, ಫೆಬ್ರವರಿಯಲ್ಲಿ ಹಳೆ ಕೋಬಾ ಕಿತ್ತು ವಾಟರ್‌ಪ್ರೂಫಿಂಗ್. ಮಾರ್ಚ್‌ನಲ್ಲಿ ನೀರು ನಿಲ್ಲಿಸುವ ಪರೀಕ್ಷೆ, ಕೊನೆಯ ಮಹಡಿಯವರನ್ನೇ ಮುಂದೆ ನಿಲ್ಲಿಸಿಕೊಂಡು. ಏಪ್ರಿಲ್, ಮೇ ತಿಂಗಳಲ್ಲಿ ಡ್ರೇನ್ ಸೆಲ್, ಬಟ್ಟೆ, ಮಣ್ಣು. ಗಿಡಕ್ಕೆ ಅವಸರ ಬೇಡ, ಜೂನ್‌ನ ಎರಡು ಮೂರು ಒಳ್ಳೆ ಮಳೆ ಬಿದ್ದ ಮೇಲೆ ನೆಡಿ. ಆಗ ನೀರು ಹಾಕುವ ಕೆಲಸವೂ ಉಳಿಯುತ್ತದೆ. ಮಳೆಗಾಲ ಮುಗಿಯುವ ತನಕ ವಾರಕ್ಕೊಮ್ಮೆ ಯಾರಾದರೂ ಮೇಲೆ ಹೋಗಿ ಪೈಪಿನ ಬಾಯಿ ತೆರೆದು ಕಸ ತೆಗೆಯಲಿ, ಅರಳಿ ಸಸಿ ಕಂಡರೆ ಅಲ್ಲೇ ಕೀಳಲಿ.